ಕೆಳಗಿನ ಕೈ

ಹಿತ್ತಾಳೆ ತಟ್ಟೆಯಲ್ಲಿ ತನ್ನ ಎರಡು ಪಾದವೂ ಒಟ್ಟಿಗೆ ಹಿಡಿಸುವುದಿಲ್ಲ ಎಂಬುದು ಕೆಂಪರಾಜುವಿಗೆ ವರ್ಷಕ್ಕೊಂದು ಸಲ, ಭೀಮನ ಅಮಾವಾಸ್ಯೆಯ ಬೆಳಿಗ್ಗೆ ನೆನಪಾಗುತ್ತಿತ್ತು. ಮದುವೆಯಲ್ಲಿ ಹೆಣ್ಣಿನ ಕಡೆಯವರು ಕೊಟ್ಟ ತಟ್ಟೆ. ಹಿಮ್ಮಡಿ ಒಳಗಿಟ್ಟರೆ ಬೆರಳು ಆಚೆ, ಬೆರಳು ಒಳಗಿಟ್ಟರೆ ಹಿಮ್ಮಡಿ ಅಂಚಿನ ಮೇಲೆ. ಹೋದ ವರ್ಷವೇ ದೊಡ್ಡ ತಟ್ಟೆ ತರಬೇಕು ಅಂದುಕೊಂಡಿದ್ದ, ಮರೆತಿದ್ದ. ಹೆಂಡತಿ ಸುಧಾಮಣಿ ಎದುರಿಗೆ ಮಂಡಿಯೂರಿ ಚೊಂಬಿನಿಂದ ನೀರು ಹುಯ್ದಳು. ನೀರು ತಣ್ಣಗಿತ್ತು. ಮೊದಲ ವರ್ಷಗಳಲ್ಲಿ ಬೆಚ್ಚಗೆ ಮಾಡಿ ತರುತ್ತಿದ್ದಳು, ಯಾವ ವರ್ಷದಿಂದ ತಣ್ಣೀರಾಯಿತು ಎಂದು ಅವನು ಯೋಚಿಸಿದ, ಗೊತ್ತಾಯಿತು, ಯೋಚನೆ ನಿಲ್ಲಿಸಿದ. ಅವಳು ಬೆರಳ ಸಂದಿಗೆಲ್ಲ ಅರಿಶಿನ ಹಚ್ಚಿದಳು, ಪಾದದ ಮೇಲೆ ಕುಂಕುಮ ಇಟ್ಟಳು, ಹೂ ಇಟ್ಟಳು. ಪಾತ್ರೆ ಬೆಳಗುವಾಗ ಎಷ್ಟು ಶ್ರದ್ಧೆಯೋ ಅಷ್ಟೇ ಶ್ರದ್ಧೆ, ಅದಕ್ಕಿಂತ ಹೆಚ್ಚಿಲ್ಲ, ಕಮ್ಮಿಯಿಲ್ಲ. ಮಣೆಯ ಮೇಲೆ ಕೂತು ಅವಳ ಬೈತಲೆಯನ್ನು ನೋಡುವುದು ಅವನಿಗೆ ಕಷ್ಟವಾಗುತ್ತಿತ್ತು, ಆದ್ದರಿಂದ ಗೋಡೆಯ ಕ್ಯಾಲೆಂಡರ್ ನೋಡಿದ. ಇವತ್ತಿನ ಚೌಕದಲ್ಲಿ ಕಪ್ಪು ಚಂದ್ರ. ಕೆಳಗೆ ಸಣ್ಣ ಅಕ್ಷರದಲ್ಲಿ ಪತಿ ಸಂಜೀವಿನಿ ವ್ರತ.

"ಉಗುರು ತೆಗ್ದಿಲ್ವೇನ್ರೀ?" ಎಂದಳು ಸುಧಾಮಣಿ, ತಲೆ ಎತ್ತದೆ.

ಅವನಿಗೆ ಮುಖ ಬಿಸಿಯಾಯಿತು. ಮೂರು ವರ್ಷದ ಕೆಳಗೆ, ಸ್ಕೂಲಿನ ರೋಹಿಣಿಯ ಜೊತೆಗಿನ ವಿಷಯ ಬಯಲಾದ ಇಪ್ಪತ್ತನೇ ದಿನಕ್ಕೆ ಇದೇ ಅಮಾವಾಸ್ಯೆ ಬಂದಾಗಲೂ ಉಗುರು ತೆಗೆದಿರಲಿಲ್ಲ. ಆ ವರ್ಷ ಇವಳು ಪೂಜೆ ಮಾಡುವುದಿಲ್ಲ ಎಂದೇ ಅವನು ನಂಬಿದ್ದ. ಬೆಳಿಗ್ಗೆ ಎದ್ದು ಸ್ಕೂಲಿಗೆ ಓಡಿಹೋಗಲು ಶರ್ಟು ಹಾಕಿಕೊಳ್ಳುತ್ತಿದ್ದಾಗ ಮಣೆ ಹಾಕಿದ ಸದ್ದು ಕೇಳಿತ್ತು. "ಬನ್ನಿ, ಹೊತ್ತಾಯ್ತದೆ," ಅಂದಿದ್ದಳು ಅಷ್ಟೆ. ಕಾಲು ಮುಂದೆ ಚಾಚಿದಾಗ ಕಂಡದ್ದು ಹೆಬ್ಬೆರಳಿನ ಉದ್ದ ಉಗುರು, ಅದರಡಿಯ ಕಪ್ಪು. ಮಾಡಿದ ಕೆಲಸಕ್ಕೆ ಆಗದ ನಾಚಿಕೆ ಆ ಉಗುರಿಗೆ ಆಗಿತ್ತು. ಥೂ, ಮನುಷ್ಯನ ನಾಚಿಕೆಯೂ ಎಲ್ಲೆಲ್ಲಿ ಹೋಗಿ ಕೂರುತ್ತದಪ್ಪಾ ಎಂದು ಆಮೇಲೆ ಎಷ್ಟೋ ಸಲ ಅವನಿಗೇ ಅನ್ನಿಸಿದ್ದುಂಟು.

ಜೇಬಿನ ಮೊಬೈಲು ನಡುಗಿತು. ಮರಿಲಿಂಗ, ತಂಗಿಯ ಗಂಡ. ಬೆಳಗಿನಿಂದ ಮೂರನೆಯ ಸಲ. ಪೂಜೆಯ ನಡುವೆ ಎತ್ತುವ ಹಾಗಿಲ್ಲ, ಎತ್ತದಿದ್ದರೆ ಹೆದರಿದ ಅನ್ನುತ್ತಾನೆ. ಮಂಚದ ಮೇಲೆ ಕೂತಿದ್ದ ಅವ್ವ ಚೆನ್ನಾಜಮ್ಮ, "ಎತ್ತು ಮಗಾ, ಅವ್ನೇ ಇರ್ಬೇಕು. ಗಂಡಿನ ಕಡೆಯೋರ್ನ ಕಾಯ್ಸಬಾರ್ದು," ಎಂದಳು. ಸುಧಾಮಣಿ ಒಂಬತ್ತು ಗಂಟಿನ ಅರಿಶಿನದ ದಾರವನ್ನು ಕೈಯಲ್ಲಿ ಹಿಡಿದು ಕಾದಳು. ಕೆಂಪರಾಜು ಕಾಲನ್ನು ತಟ್ಟೆಯಲ್ಲಿಟ್ಟುಕೊಂಡೇ ಫೋನ್ ಎತ್ತಿದ.

"ಬಾವ, ಹನ್ನೊಂದಕ್ಕೆಲ್ಲ ಗುಡಿ ತಾವ ಇರ್ಬೇಕು. ಯಜಮಾನ್ರು ಬಂದ್ಬುಟ್ಟವ್ರೆ. ನಾನೇನ್ ದೊಡ್ದಾಗಿ ಕೇಳ್ತಿಲ್ಲ. ಅಮ್ಮನ ಮುಂದೆ ಒಂದ್ ಕರ್ಪೂರ ಹಚ್ಕೊಂಡು ನಾನಂಥೋಳಲ್ಲ ಅಂದ್ಬುಡ್ಲಿ, ಮನೆಗ್ ಕರ್ಕೊಂಡೋಯ್ತೀನಿ. ಮಕ್ಳೂ ಕೇಳ್ತವೆ, ಅವ್ವ ಎಲ್ಲಿ ಅಂತವ."

"ಬತ್ತೀವಿ ಮರಿಲಿಂಗು."

"ನೀವು ಎಜುಕೇಟೆಡ್ಡು, ಮೇಷ್ಟ್ರು. ನಿಮ್ಗೆ ಹೇಳ್ಬೇಕಾ."

ಹೆಡ್‌ಮಾಸ್ತರಾಗಿ ಎರಡು ವರ್ಷವಾದರೂ ಮರಿಲಿಂಗ ಮೇಷ್ಟ್ರು ಎಂದೇ ಕರೆಯುತ್ತಿದ್ದ. ಕೆಂಪರಾಜು ಫೋನ್ ಇಟ್ಟಾಗ ಸುಧಾಮಣಿ ದಾರವನ್ನು ತನ್ನ ಕೈಗೆ ತಾನೇ ಕಟ್ಟಿಕೊಳ್ಳುತ್ತಿದ್ದಳು. ಅದನ್ನು ಗಂಡ ಕಟ್ಟಬೇಕು. ಕೊನೆಯ ಗಂಟಿಗೆ ಹಲ್ಲಿನ ಸಹಾಯ ತೆಗೆದುಕೊಂಡು ಬಿಗಿದು, ಬಗ್ಗಿ ಅವನ ಕಾಲಿಗೆ ನಮಸ್ಕಾರ ಮಾಡಿ, ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು.

ಒಳಗಿನ ರೂಮಿನಲ್ಲಿ ತಂಗಿ ಹೇಮಾ ಇದ್ದಳು. ಬಂದು ಎಂಟು ದಿನವಾಗಿತ್ತು. ಮರಿಲಿಂಗನ ಅಣ್ಣನೇ ಬೈಕಿನಲ್ಲಿ ತಂದು ಗೇಟಿನ ಮುಂದೆ ಇಳಿಸಿ, ಒಳಗೆ ಬಂದು ಒಂದು ಲೋಟ ನೀರೂ ಕುಡಿಯದೆ ತಿರುಗಿಸಿಕೊಂಡು ಹೋಗಿದ್ದ. ಮಳವಳ್ಳಿಯಲ್ಲಿ ಹೊಲಿಗೆ ಕಲಿಸುವ ಕಡೆಗೆ ಹೋಗಿಬರುತ್ತಿದ್ದ ಹೇಮಾ, ಮಿಷನ್ ರಿಪೇರಿ ಮಾಡುವವನ ಜೊತೆ ಇದ್ದದ್ದನ್ನು ಯಾರೋ ನೋಡಿದ್ದರು, ಯಾರೋ ಹೇಳಿದ್ದರು. ಈ ಎಂಟು ದಿನದಲ್ಲಿ ಕೆಂಪರಾಜು ಅವಳನ್ನು ನಿಜವೋ ಸುಳ್ಳೋ ಎಂದು ಕೇಳಿರಲಿಲ್ಲ. ಕೇಳದೇ ಇರುವುದು ನಂಬಿಕೆಯ ಗುರುತು ಎಂದು ತನಗೆ ತಾನು ಹೇಳಿಕೊಂಡಿದ್ದ. ಅವ್ವ ಮಾತ್ರ ಮೊದಲ ದಿನವೇ ಮಗಳ ರಟ್ಟೆ ಹಿಡಿದು ಅಲ್ಲಾಡಿಸಿ, "ಹೆಣ್ಣಾಗಿ ಹುಟ್ಟಿ ಹಿಂಗ್ ಮಾಡ್ದಾ ಮುಂಡೆ? ನಿಮ್ಮಪ್ಪನ ಹೆಸ್ರು ಮಣ್ಣುಪಾಲು ಮಾಡ್ದಲ್ಲೇ!" ಎಂದು ಅತ್ತು, ಆಮೇಲೆ ಅವಳಿಗೆ ಮುದ್ದೆ ಮಾಡಿ ಬಡಿಸಿದ್ದಳು. ಇದೇ ಅವ್ವ, ಇದೇ ಹಜಾರ. ಮೂರು ವರ್ಷದ ಕೆಳಗೆ ಸುಧಾಮಣಿ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತ ಕೂತಿದ್ದಾಗ ಪಕ್ಕದಲ್ಲಿ ಬಂದು ಕೂತು, ಸೊಸೆಯ ಬೆನ್ನು ಸವರುತ್ತ ಹೇಳಿದ್ದಳು: "ಗಂಡಸು ಕೆಸ್ರು ಕಂಡ್ ಕಡೆ ತುಳೀತಾನೆ, ನೀರ್ ಕಂಡ್ ಕಡೆ ತೊಳ್ಕೋತಾನೆ ಕಣವ್ವ. ನಿಮ್ ಮಾವ ಏನ್ ಕಮ್ಮಿನಾ? ನಾನ್ ಬಾಳ್ವೆ ಮಾಡ್ಲಿಲ್ವಾ?" ಸುಧಾಮಣಿ ಕಲ್ಲು ಆರಿಸುವುದನ್ನು ನಿಲ್ಲಿಸಿರಲಿಲ್ಲ. ಅವನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡು, ಸದ್ಯ, ಅವ್ವ ನೋಡಿಕೊಳ್ಳುತ್ತಾಳೆ ಎಂದು ಉಸಿರು ಬಿಟ್ಟಿದ್ದ.

ರೋಹಿಣಿ ಹಿಂದಿ ಟೀಚರ್. ಈಗ ಎಲ್ಲಿದ್ದಾಳೋ. ಆಡಳಿತ ಮಂಡಳಿಯವರು ಸಭೆ ಸೇರಿ, ಹೆಣ್ಣುಮಕ್ಕಳು ಓದುವ ಶಾಲೆ, ಇಂಥವರನ್ನು ಇಟ್ಟುಕೊಂಡರೆ ಹೇಗೆ ಎಂದು ತೀರ್ಮಾನಿಸಿದ್ದರು. ಇಂಥವರು ಎಂಬ ಬಹುವಚನದಲ್ಲಿ ಅವನು ಇರಲಿಲ್ಲ. ಆಕೆಯನ್ನು ಬಿಡುಗಡೆ ಮಾಡುವ ಪತ್ರ ಬರೆಯಲು ಕಾರ್ಯದರ್ಶಿ ಅವನನ್ನೇ ಕರೆದರು, ಏಕೆಂದರೆ ಶಾಲೆಯಲ್ಲಿ ದುಂಡಗಿನ ಅಕ್ಷರ ಅವನದೊಂದೇ. ಅವನು ಬರೆದ. ಗೀಟು ಎಳೆದು, ಅಂಚು ಬಿಟ್ಟು, ಶಾಯಿ ಹರಡದ ಹಾಗೆ ಬರೆದ. ರೋಹಿಣಿ ಸಹಿ ಹಾಕಲು ಬಂದವಳು ಪತ್ರವನ್ನು ಓದಿ, "ದಿನಾಂಕ ಹಾಕಿಲ್ಲ ಸರ್," ಎಂದಳು. ಅವನು ಪೆನ್ನು ತೆಗೆದುಕೊಂಡು ದಿನಾಂಕ ಹಾಕಿಕೊಟ್ಟ. ಅವಳು ಅವನಿಗೆ ಆಡಿದ ಕೊನೆಯ ಮಾತು ಅದು. ಮುಂದಿನ ವರ್ಷ ಅವನು ಹೆಡ್‌ಮಾಸ್ತರಾದ.

"ಅಣ್ಣ, ಭಂಡಾರ ಇಟ್ಟಿದೀನಿ. ಬಾ."

ಹೇಮಾಳ ದನಿ. ಹೊಸಿಲ ಮೇಲೆ ಎರಡು ಕಡುಬು ಇಟ್ಟಿದ್ದಳು, ಒಳಗೆ ನಾಣ್ಯ. ಇದನ್ನು ಅಣ್ಣತಮ್ಮಂದಿರು ಮೊಣಕೈಯಲ್ಲಿ ಗುದ್ದಿ ಒಡೆಯಬೇಕು. ಅವಳು ಆರು ವರ್ಷದವಳಿದ್ದಾಗಿನಿಂದ ಅವನು ಒಡೆಯುತ್ತ ಬಂದಿದ್ದ. ಅವಳ ಮದುವೆಯಾದ ಮೇಲೆ ಪ್ರತಿವರ್ಷ ಬೈಕ್ ಹತ್ತಿ ಅವಳೂರಿಗೇ ಹೋಗಿ ಒಡೆದು, ಸೀರೆ ಕೊಟ್ಟು ಬರುತ್ತಿದ್ದ. ಅವ್ವ ಮಂಚದಿಂದಲೇ ಕೂಗಿದಳು: "ಇವ್ಳಿಗ್ಯಾತರ ಭಂಡಾರ ಇವತ್ತು? ಮೊದ್ಲು ಆಣೆ ಮಾಡಿ ಬರ್ಲಿ. ಆಮ್ಯಾಕೆ ಹಬ್ಬ." ಹೇಮಾ ಅಲ್ಲಾಡಲಿಲ್ಲ. ಸುಧಾಮಣಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದು, "ಇಟ್ಟಾಯ್ತಲ್ಲ ಅತ್ತೆ. ಒಡೀಲಿ ಬುಡಿ," ಎಂದಳು. ಎಂಟು ದಿನದಲ್ಲಿ ಹೇಮಾಳ ಪರವಾಗಿ ಈ ಮನೆಯಲ್ಲಿ ಯಾರಾದರೂ ಆಡಿದ ಮಾತೆಂದರೆ ಇದೊಂದು. ಕೆಂಪರಾಜು ಮಂಡಿಯೂರಿ ಗುದ್ದಿದ. ಮೊದಲ ಏಟಿಗೆ ಒಡೆಯಲಿಲ್ಲ. ಮೊಣಕೈ ನೋವಾಯಿತು. ಮಗಳು ಸಿಂಚನ, ಒಂಬತ್ತು ವರ್ಷದವಳು, ಕೆಮ್ಮಿಗೆಂದು ಸ್ಕೂಲಿಗೆ ಚಕ್ಕರ್ ಹೊಡೆದು ಬಾಗಿಲಲ್ಲಿ ನಿಂತಿದ್ದವಳು ಕಿಸಕ್ಕನೆ ನಕ್ಕಳು, ನಕ್ಕದ್ದಕ್ಕೆ ಕೆಮ್ಮು ಬಂತು. ಎರಡನೇ ಏಟಿಗೆ ಒಡೆಯಿತು. ಹೇಮಾ ಅವನ ಕಾಲಿಗೆ ಬಗ್ಗಿದಳು. ಏನೆಂದು ಹರಸಬೇಕು ಎಂದು ಅವನಿಗೆ ಗೊತ್ತಾಗಲಿಲ್ಲ. ಮುತ್ತೈದೆಯಾಗಿ ಬಾಳು ಎನ್ನಬೇಕು. ಐನೂರರ ನೋಟನ್ನು ಅವಳ ಕೈಗಿಟ್ಟು, "ಹೊರಡೋಣ, ಸೀರೆ ಬದ್ಲಾಯ್ಸ್ಕೋ," ಎಂದ.

ಮರಿಲಿಂಗನ ಊರು ಕೆಂಚನಕೊಪ್ಪಲಿಗೆ ಹದಿನಾಲ್ಕು ಕಿಲೋಮೀಟರು. ಬೈಕಿನ ಹಿಂದೆ ಕೂತ ಹೇಮಾ ಒಂದು ಕೈಯಲ್ಲಿ ಸೀಟಿನ ಕಂಬಿ ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ಚೀಲ. ಚೀಲದಲ್ಲಿ ಬದಲಿಗೆ ಒಂದು ಸೀರೆ, ಏಕೆಂದರೆ ಒದ್ದೆಬಟ್ಟೆಯಲ್ಲಿ ಆಣೆ ಮಾಡಬೇಕು. ಚಿಕ್ಕಂದಿನಲ್ಲಿ ಅವಳು ಸೈಕಲ್ಲಿನ ಹಿಂದೆ ಕೂತು ಅವನ ಅಂಗಿಯನ್ನು ಎರಡು ಮುಷ್ಟಿಯಲ್ಲಿ ಹಿಡಿಯುತ್ತಿದ್ದಳು, ಅಂಗಿ ಹಿಂದಿನಿಂದ ಜಗ್ಗಿ ಕುತ್ತಿಗೆ ಒತ್ತುತ್ತಿತ್ತು. ಈಗ ಅಂಗಿ ಸಡಿಲವಾಗಿ ಗಾಳಿಗೆ ಪಟಪಟಗುಡುತ್ತಿತ್ತು. ಕಬ್ಬಿನ ಗದ್ದೆ ದಾಟಿದ ಮೇಲೆ, ನಾಲೆಯ ಸೇತುವೆಯ ಹತ್ತಿರ, ಅವಳು ಬೆನ್ನ ಹಿಂದಿನಿಂದ ಮಾಮೂಲು ದನಿಯಲ್ಲಿ ಹೇಳಿದಳು.

"ನಾನು ಆಣೆ ಮಾಡಕಾಗಲ್ಲ ಅಣ್ಣ."

"ಯಾಕೆ?"

"ನಿಜ ಅದು."

ಬೈಕು ಅದೇ ವೇಗದಲ್ಲಿ ಹೋಗುತ್ತಿತ್ತು. ಎದುರಿಗೆ ಕಬ್ಬಿನ ಲಾರಿ ಬಂತು, ಅವನು ಎಡಕ್ಕೆ ಸರಿದ, ಲಾರಿ ಹೋಯಿತು, ಮತ್ತೆ ನಡುರಸ್ತೆಗೆ ಬಂದ. ಇಷ್ಟೆಲ್ಲ ಮಾಡುವ ಹೊತ್ತಿಗೆ ಏನಾದರೂ ಹೇಳಬಹುದಿತ್ತು. ಮುಖ ಕಾಣದೇ ಇರುವುದು ಎಷ್ಟು ಒಳ್ಳೆಯದಾಯಿತು ಎನ್ನಿಸಿತು.

"ಎರಡ್ ಸಲ," ಎಂದಳು ಹೇಮಾ. "ಮಿಷನ್ ಕೆಟ್ಟಿತ್ತು, ಮಧ್ಯಾಹ್ನ ಮೂರಾಗಿತ್ತು. ಊಟ ಆಯ್ತಾ ಅಂತ ಕೇಳ್ದ ಅವ್ನು. ಹನ್ನೆರಡು ವರ್ಷ ಆಯ್ತಲ್ಲಣ್ಣ, ಆ ಮನೇಲಿ ನನ್ನ ಊಟ ಆಯ್ತಾ ಅಂತ ಯಾರೂ ಕೇಳಿಲ್ಲ. ಅದಕ್ಕೇ ಮಾಡ್ದೆ ಅಂತ ಹೇಳ್ತಿಲ್ಲ. ತಪ್ಪು ತಪ್ಪೇ. ಆದ್ರೆ ಸುಳ್ಳಾಣೆ ಮಾಡುದ್ರೆ ನನ್ನ ಹೆಣ್ಣುಮಕ್ಳಿಗೆ ತಟ್ತದೆ. ಅದೊಂದು ನನ್ ಕೈಲಾಗಲ್ಲ."

"ಮಾಡದಿದ್ರೆ ಮಕ್ಳನ್ನ ಕೊಡಲ್ಲ ಅವ್ನು."

"ಗೊತ್ತು. ಅದಕ್ಕೇ ತಾನೆ ಹಿಂದೆ ಕೂತಿರೋದು."

ಮರಿಲಿಂಗನಿಗೆ ಕೊಳ್ಳೇಗಾಲದ ರಸ್ತೆಯಲ್ಲಿ ಇನ್ನೊಂದು ಮನೆ ಇದೆ ಎಂಬುದು ಎರಡು ಹೋಬಳಿಗೂ ಗೊತ್ತು. ಅದನ್ನು ಎತ್ತಬೇಕೆಂದು ಕೆಂಪರಾಜುವಿಗೆ ಈ ಎಂಟು ದಿನದಲ್ಲಿ ಹಲವು ಸಲ ಅನ್ನಿಸಿತ್ತು. ಎತ್ತಿದರೆ ಮರಿಲಿಂಗ ಒಂದೇ ಮಾತು ಹೇಳುತ್ತಾನೆ, ಮೇಷ್ಟ್ರೇ ನಿಮ್ಮದು ಎನ್ನುತ್ತಾನೆ, ಅಲ್ಲಿಗೆ ಬಾಯಿ ಬಂದ್. ಗಂಡಸರ ನಡುವೆ ಇಂಥ ಒಪ್ಪಂದಗಳಿಗೆ ಕಾಗದಪತ್ರ ಬೇಕಿಲ್ಲ. ಆದರೆ ತಂಗಿಗೆ ಮಕ್ಕಳು ಸಿಗಬೇಕು, ಅದಕ್ಕೆ ಒಂದು ನಿಮಿಷದ ಸುಳ್ಳು ಸಾಕು, ಆ ಸುಳ್ಳಿಗೆ ಇವಳು ಹೆದರುತ್ತಿದ್ದಾಳೆ. ಅವನಿಗೆ ಇದ್ದಕ್ಕಿದ್ದ ಹಾಗೆ ತಾನು ಸಹಾಯ ಮಾಡಬಲ್ಲೆ ಎನ್ನಿಸಿತು. ಹುಣಿಸೆಮರದ ಕೆಳಗೆ ಬೈಕು ನಿಲ್ಲಿಸಿದ. ಇಳಿಯಲಿಲ್ಲ, ತಿರುಗಲಿಲ್ಲ.

"ಏನೂ ಆಗಲ್ಲ ಹೇಮಾ. ನಾನು ಮಾಡಿದೀನಿ."

"ಏನ?"

"ಸುಳ್ಳಾಣೆ. ಸಿಂಚು ತಲೆ ಮೇಲೆ ಕೈ ಇಟ್ಟು."

ಆ ದಿನ ಸುಧಾಮಣಿ ಅಳಲಿಲ್ಲ, ಕಿರುಚಲಿಲ್ಲ. ಮಗುವನ್ನು ಎತ್ತಿ ತಂದು ಅವನೆದುರು ನಿಲ್ಲಿಸಿದಳು. ಆರು ವರ್ಷದ ಸಿಂಚನ ಕೈಯಲ್ಲಿ ಬಿಸ್ಕತ್ತು ಹಿಡಿದಿದ್ದಳು. "ಜನ ಹೇಳೋದು ನಂಬಲ್ಲ ನಾನು. ನೀವು ಹೇಳಿದ್ದನ್ನ ನಂಬ್ತೀನಿ. ಇವಳ ತಲೆ ಮುಟ್ಟಿ ಹೇಳಿ." ಅವನು ಮುಟ್ಟಿದ. ಎಣ್ಣೆ ಹಚ್ಚಿದ ಬೆಚ್ಚಗಿನ ತಲೆ. ಏನೂ ಇಲ್ಲ ಎಂದ. ಮಗು ತಲೆ ಎತ್ತಿ ನೋಡಿ ಬಿಸ್ಕತ್ತನ್ನು ಅವನ ಬಾಯಿಗೆ ಹಿಡಿಯಿತು, ಅವನು ಕಚ್ಚಿದ. ಸುಧಾಮಣಿ ಸರಿ ಎಂದು ಒಳಗೆ ಹೋದಳು. ಆಮೇಲೆ ಮಗುವಿಗೆ ಜ್ವರ ಬಂದಾಗಲೆಲ್ಲ ಅವನಿಗೆ ಒಂದು ಗಳಿಗೆ ಕಸಿವಿಸಿಯಾಗುತ್ತಿತ್ತು, ಡಾಕ್ಟರು ವೈರಲ್ ಎನ್ನುತ್ತಿದ್ದರು, ಕಸಿವಿಸಿ ಹೋಗುತ್ತಿತ್ತು. ಇಷ್ಟನ್ನೂ ಅವನು ಹೇಳಲಿಲ್ಲ. "ಮೂರು ವರ್ಷ ಆಯ್ತು. ಚೆನ್ನಾಗವ್ಳೆ ತಾನೆ?" ಎಂದ.

ಹೇಮಾ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. "ಅತ್ತಿಗೆಗೆ ಗೊತ್ತಾ?"

"ಇಲ್ಲ."

"ಗೊತ್ತಿರ್ತದೆ," ಎಂದಳು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ನಿನ್ ಮಗೀಗೆ ಏನೂ ಆಗ್ಲಿಲ್ಲ ಅಂದ್ರೆ ನನ್ ಮಕ್ಳಿಗೂ ಆಗಲ್ಲ. ನಡಿ. ಮಾಡ್ಬುಡ್ತೀನಿ," ಎಂದಳು. ಅವನು ಕಿಕ್ ಹೊಡೆದ. ಮನಸ್ಸು ಹಗುರಾಗಿತ್ತು. ಮೂರು ವರ್ಷ ಒಳಗೆ ಕೊಳೆಯುತ್ತಿದ್ದದ್ದು ಕಡೆಗೂ ಒಬ್ಬರ ಉಪಯೋಗಕ್ಕೆ ಬಂತಲ್ಲ ಎಂಬ ತೃಪ್ತಿ ಅದು. ಅವಳು ಈಗ ಒಂದು ಕೈಯಲ್ಲಿ ಅವನ ಅಂಗಿ ಹಿಡಿದಿದ್ದಳು.

ಗುಡಿಯ ಮುಂದೆ ಬೇವಿನ ಮರದ ಕಟ್ಟೆ ಮೇಲೆ ಏಳೆಂಟು ಜನ ಕೂತಿದ್ದರು. ಅಮಾವಾಸ್ಯೆಯಾದ್ದರಿಂದ ಅಮ್ಮನಿಗೆ ಬೇವಿನ ಸೊಪ್ಪು, ನಿಂಬೆಹಣ್ಣಿನ ಹಾರ. ಊರ ಯಜಮಾನ ಪುಟ್ಟಮಾದೇಗೌಡರು ಎಲೆ ಅಡಿಕೆ ಮೆಲ್ಲುತ್ತ, "ಬನ್ನಿ ಬನ್ನಿ ಮೇಷ್ಟ್ರೇ, ಕುರ್ಚಿ ಹಾಕ್ರೋ," ಎಂದರು. ಕೆಂಪರಾಜುವಿಗೆ ಪ್ಲಾಸ್ಟಿಕ್ ಕುರ್ಚಿ ಬಂತು. ಹೇಮಾ ನಿಂತಿದ್ದಳು. ಅವಳನ್ನು ಯಾರೂ ನೋಡದ ಹಾಗೆ ಎಲ್ಲರೂ ನೋಡುತ್ತಿದ್ದರು. ಮರಿಲಿಂಗ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೊಸ ಅಳಿಯನ ಹಾಗೆ ಸಂಕೋಚದಿಂದ ನಿಂತಿದ್ದ. ಬೆಳಿಗ್ಗೆ ಇವನ ಕಾಲಿಗೆ ಯಾರು ನೀರು ಹುಯ್ದಿರಬಹುದು ಎಂಬ ಯೋಚನೆ ಕೆಂಪರಾಜುವಿಗೆ ಬಂದು ಹೋಯಿತು. ಕಟ್ಟೆಯ ಮೇಲಿದ್ದ ಇನ್ನೊಬ್ಬ ಮುದುಕ, "ಬೇಗ ಮುಗ್ಸ್ರಪ್ಪ. ಸಂಜೆ ಆದ್ರೆ ನಮ್ ಮರಿಲಿಂಗನ್ ಬೈಕು ತಾನಾಗ್ ತಾನೇ ಕೊಳ್ಳೇಗಾಲದ ಕಡೆ ತಿರುಕೋತದೆ," ಎಂದ. ಎಲ್ಲರೂ ನಕ್ಕರು. ಮರಿಲಿಂಗನೂ ತಲೆ ತಗ್ಗಿಸಿ ನಕ್ಕ. ಆ ನಗೆಯಲ್ಲಿ ಒಂದು ಹೆಮ್ಮೆಯಿತ್ತು. ಕೆಂಪರಾಜುವಿನ ತುಟಿಯೂ ತನಗೆ ಗೊತ್ತಿಲ್ಲದೆ ಅರಳಿತು, ಅದನ್ನು ಹೇಮಾ ನೋಡಿದಳು ಎಂದು ಗೊತ್ತಾದಾಗ ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡ.

ಹೇಮಾ ಕೊಳಾಯಿಯ ಹತ್ತಿರ ಹೋಗಿ ಎರಡು ಬಿಂದಿಗೆ ನೀರು ತಲೆಯ ಮೇಲೆ ಹುಯ್ದುಕೊಂಡು ಬಂದಳು. ಸೀರೆ ಮೈಗೆ ಅಂಟಿತ್ತು. ಗಂಡಸರು ಆಗ ನೇರವಾಗಿಯೇ ನೋಡಿದರು. ಪೂಜಾರಿ ವೀಳ್ಯದೆಲೆಯ ಮೇಲೆ ಕರ್ಪೂರ ಇಟ್ಟು ಅವಳ ಬಲ ಅಂಗೈಗೆ ಕೊಟ್ಟ. ಕೆಂಪರಾಜು ಕುರ್ಚಿಯಲ್ಲಿ ಕೂತು, ಇನ್ನು ಐದು ನಿಮಿಷ ಎಂದುಕೊಂಡ.

"ಎಲ್ಲಿ, ತಾಯಮನೆಯೋರು ಬನ್ನಿ," ಎಂದರು ಪುಟ್ಟಮಾದೇಗೌಡರು. "ಕೆಳಗಿನ ಕೈ ಯಾರ್ದು?"

"ಏನು?" ಎಂದ ಕೆಂಪರಾಜು.

"ನಮ್ಮೂರ ಅಮ್ಮನ ಕಟ್ಲೆ ಮೇಷ್ಟ್ರೇ. ಹೆಣ್ಣು ಒಬ್ಳೇ ಆಣೆ ಮಾಡಂಗಿಲ್ಲ. ಹೆಣ್ಣಿನ್ ಮಾತು ಅಮ್ಮ ತಕ್ಕೊಳಲ್ಲ. ತಾಯಮನೆ ಗಂಡಸು ಅವಳ ಕೈ ಕೆಳೀಕೆ ತನ್ ಕೈ ಇಟ್ಟು ಹೇಳ್ಬೇಕು. ನಮ್ ಹೆಣ್ಣು ಶುದ್ಧ, ಅಲ್ದಿದ್ರೆ ನನ್ ಮಕ್ಳ ತಲೆ ಮ್ಯಾಲ್ ಬರ್ಲಿ ಅಂತವ. ಅಷ್ಟೇಯ. ನಿಮ್ಗೆ ನಂಬ್ಕೆ ಅದೆ ತಾನೆ?"

"ಇದೆ ಇದೆ," ಎಂದು ಕೆಂಪರಾಜು ಎದ್ದ. ಬೇಡ ಎನ್ನಲು ಕಾರಣವೇ ಇರಲಿಲ್ಲ. ಚಪ್ಪಲಿ ಬಿಟ್ಟು ಹೋಗಿ ತಂಗಿಯ ಎದುರು ನಿಂತ. ಅವಳ ಕೈ ನೀರಿಗೆ ತಣ್ಣಗಿತ್ತು. ಅದರ ಕೆಳಗೆ ತನ್ನ ಅಂಗೈ ಇಟ್ಟ. ಅವನ ಕೈಗೆ ಅವಳ ಕೈಯ ಭಾರ ಬಿತ್ತು, ಅವಳು ನಿಜವಾಗಿಯೂ ಊರಿದಳು, ಕೂತುಕೊಂಡ ಹಾಗೆ. ಮುಖದಲ್ಲಿ ಮೊದಲ ಸಲ ಒಂದು ಧೈರ್ಯ ಬಂದಿತ್ತು. ಪೂಜಾರಿ ಕರ್ಪೂರ ಹಚ್ಚಿದ. "ಅಮ್ಮ ಸಾಕ್ಷಿ," ಎಂದಳು ಹೇಮಾ, "ನಾನು ತಪ್ಪು ಮಾಡಿಲ್ಲ." ದನಿ ಸ್ಪಷ್ಟವಾಗಿತ್ತು. ಶಹಬ್ಬಾಸ್ ಎಂದುಕೊಂಡ ಅವನು. ಈಗ ಅವನ ಸರದಿ.

"ನಮ್ಮ ಹೆಣ್ಣು ಶುದ್ಧ," ಎಂದ. "ಅಲ್ಲದಿದ್ರೆ," ಎಂದ.

ಮುಂದಿನ ಮಾತು ನಾಲ್ಕೋ ಐದೋ ಪದ. ಬೆಳಿಗ್ಗೆ ಸಿಂಚು ಬಾಗಿಲಲ್ಲಿ ನಕ್ಕು ಕೆಮ್ಮಿದ್ದು ಕೇಳಿಸಿತು. ಹೋದ ವಾರದಿಂದ ಹೋಗಿಲ್ಲದ ಕೆಮ್ಮು. ಎದೆಯ ಫೋಟೋ ತೆಗೆಸಿ ಎಂದು ಡಾಕ್ಟರು ಸುಮ್ಮನೆ ಹೇಳುತ್ತಾರೆಯೇ? ಇದು ಕೆಂಚನಕೊಪ್ಪಲಿನ ಅಮ್ಮ, ಉಗ್ರದೇವತೆ, ಮನೆಯ ಹಜಾರವಲ್ಲ. ಇವಳು ನಿಜ ಎಂದು ತನ್ನ ಬಾಯಿಂದಲೇ ಹೇಳಿದ್ದಾಳೆ. ಎರಡು ಸಲ ಎಂದು ಲೆಕ್ಕ ಬೇರೆ ಹೇಳಿದ್ದಾಳೆ. ಇವಳು ಮಾಡಿದ ಹೊಲಸಿಗೆ ನನ್ನ ಮಗು ಯಾಕೆ? ಹೊಲಸು ಎಂಬ ಪದ ಅವನ ತಲೆಯೊಳಗೆ ಎಲ್ಲಿತ್ತೋ, ಹೇಗೆ ಬಂತೋ, ಬಂದು ನಿಂತುಬಿಟ್ಟಿತು. ಕೈ ಹಿಂದಕ್ಕೆ ಬರುತ್ತಿದೆ ಎಂದು ಅವನಿಗೆ ಗೊತ್ತಾದದ್ದು ಹೇಮಾಳ ಕೈ ತೂಕ ತಪ್ಪಿ ಕೆಳಗೆ ಜಾರಿದಾಗ. ಎಲೆ ಮಗುಚಿ ಕರ್ಪೂರ ನೆಲಕ್ಕೆ ಬಿದ್ದು, ಒದ್ದೆಯಲ್ಲಿ ಚುರ್ ಎಂದು ಆರಿತು.

ಪೂಜಾರಿ ಬಗ್ಗಿ ಎಲೆ ಎತ್ತಿಕೊಂಡ. ಆಮೇಲೆ ಒಬ್ಬ, "ಅಣ್ಣನೇ ಕೈ ತಕ್ಕೊಂಡ," ಎಂದ. ಇನ್ನೊಬ್ಬ ಅದನ್ನೇ ಹಿಂದಿನವರಿಗೆ ಹೇಳಿದ. ಮರಿಲಿಂಗನ ಮುಖದಲ್ಲಿ ಸಿಟ್ಟಿರಲಿಲ್ಲ, ಒಂದು ಬಗೆಯ ಬಿಡುಗಡೆ ಇತ್ತು. "ನಾನ್ ಹೇಳಿರ್ಲಿಲ್ವಾ?" ಎಂದ. ಹೇಮಾ ಖಾಲಿ ಅಂಗೈಯನ್ನು ಇನ್ನೂ ಚಾಚಿಕೊಂಡೇ ನಿಂತಿದ್ದಳು. ಕೆಂಪರಾಜುವಿಗೆ ಅನ್ನಿಸಿತು, ಈಗಲೂ ಸಮಯವಿದೆ, ಇನ್ನೊಂದು ಕರ್ಪೂರ ಕೊಡಿ, ಕೈ ಜಾರಿತು ಎನ್ನಬಹುದು. ಒದ್ದೆಯಿತ್ತು, ಜಾರಿತು. ಯಾರೂ ಅನುಮಾನಿಸುವುದಿಲ್ಲ. ಅಷ್ಟರಲ್ಲಿ ಪುಟ್ಟಮಾದೇಗೌಡರು ಕಟ್ಟೆಯಿಂದ ಇಳಿದು ಬಂದು ಅವನ ಭುಜದ ಮೇಲೆ ಕೈ ಇಟ್ಟರು. ಮುದುಕರ ಕಣ್ಣಲ್ಲಿ ನೀರಾಡಿತ್ತು.

"ಧರ್ಮಾತ್ಮ ಕಣಪ್ಪ ನೀನು. ಒಡಹುಟ್ಟಿದೋಳು ಅಂತ ನೋಡ್ದೆ ಸತ್ಯಕ್ಕೆ ನಿಂತ್ಕೊಂಡೆ. ಯಾರ್ ನಿಲ್ತಾರೆ ಈ ಕಾಲ್ದಲ್ಲಿ?" ಕಟ್ಟೆಯ ಕಡೆ ತಿರುಗಿ, "ಮೇಷ್ಟ್ರಿಗೆ ಮಜ್ಜಿಗೆ ತರ್ಸ್ರೋ!" ಎಂದರು.

ಮಜ್ಜಿಗೆ ಬಂತು. ಅವನು ಕುಡಿದ. ಉಪ್ಪು ಸರಿಯಾಗಿತ್ತು, ಕೊತ್ತಂಬರಿ ಹಾಕಿದ್ದರು. ಲೋಟ ಖಾಲಿಯಾಗುವವರೆಗೆ ಅವನು ಏನನ್ನೂ ಹೇಳಬೇಕಾಗಿರಲಿಲ್ಲ. ಮರಿಲಿಂಗ ಹತ್ತಿರ ಬಂದು, ನಮ್ಮ ನಿಮ್ಮ ಸಂಬಂಧ ಇದರಿಂದ ಕೆಡುವುದು ಬೇಡ ಸಾರ್, ನಿಮ್ಮ ಮೇಲೆ ಮರ್ಯಾದೆ ಜಾಸ್ತಿಯಾಯಿತು ಎಂದ. ಅವನ ದನಿಯಲ್ಲಿ ನಿಜವಾದ ಗೌರವವಿತ್ತು, ಮೇಷ್ಟ್ರೇ ಎನ್ನದೆ ಮೊದಲ ಸಲ ಸಾರ್ ಎಂದ. ಮಕ್ಕಳ ವಿಷಯ ಲಾಯರ ಹತ್ತಿರ ಮಾತಾಡಿಕೊಳ್ಳೋಣ ಎಂದೂ ಹೇಳಿದ. ಕೆಂಪರಾಜು ತಲೆಯಾಡಿಸಿದ. ಸುತ್ತ ನೋಡಿದಾಗ ಹೇಮಾ ಇರಲಿಲ್ಲ. ಚೀಲ ಕೊಳಾಯಿಯ ಪಕ್ಕದಲ್ಲೇ ಬಿದ್ದಿತ್ತು.

ಚೀಲ ತೆಗೆದುಕೊಂಡು ಬೈಕು ಹತ್ತಿ ಬಂದರೆ ಮುಖ್ಯರಸ್ತೆಯ ಬಸ್ಸಿನ ತಂಗುದಾಣದಲ್ಲಿ ಅವಳು ನಿಂತಿದ್ದಳು. ಕೂತರೆ ಸಿಮೆಂಟಿನ ಬೆಂಚು ಒದ್ದೆಯಾಗುತ್ತದೆ ಎಂದು ನಿಂತಿರಬೇಕು. ಸೀರೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅವನು ಎಂಜಿನ್ ಆರಿಸಿದ.

"ಹತ್ತು ಹೇಮಾ, ಮನೆಗೆ ಹೋಗಣ."

"ನೀ ಹೋಗಣ್ಣ. ಮಕ್ಳು ಸ್ಕೂಲ್ ಬುಡೋ ಹೊತ್ಗೆ ಅಲ್ಲಿರ್ತೀನಿ. ಒಳೀಕ್ ಬುಡದಿದ್ರೂ ಗೇಟ್ ತಾವ ನಿಂತ್ಕೋಬೇಡ ಅನ್ನಂಗಿಲ್ಲ."

"ಒದ್ದೆ ಬಟ್ಟೇಲಿ?"

"ಒಣಗ್ತದೆ."

ಅವನು ಚೀಲ ಚಾಚಿದ. ಅವಳು ತೆಗೆದುಕೊಂಡು ಎದೆಗೆ ಅವುಚಿಕೊಂಡಳು. ಎಲ್ಲವನ್ನೂ ಅವನು ವಿವರಿಸಬೇಕೆಂದಿದ್ದ. ಕೆಮ್ಮು, ಎದೆಯ ಫೋಟೋ, ಕೈ ಒದ್ದೆಯಿದ್ದದ್ದು. ವಾಕ್ಯಗಳು ಸಾಲಾಗಿ ನಿಂತಿದ್ದವು, ದುಂಡಗಿನ ಅಕ್ಷರದಲ್ಲಿ. "ಸಿಂಚೂಗೆ ಹೋದ್ ವಾರದಿಂದ ಹುಷಾರಿಲ್ಲ ಕಣೆ," ಎಂದ.

"ಅಣ್ಣ, ಒಂದ್ ಕೇಳ್ತೀನಿ. ಅವತ್ತು ಅವಳ ತಲೆ ಮುಟ್ಟುದಾಗ ನಿನ್ ಕೈ ನಡುಗ್ತಾ?"

"ಇಲ್ಲ."

"ಅವತ್ತೂ ಅದೇ ಸಿಂಚು. ಅವತ್ತೂ ಸುಳ್ಳೇ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವವರ ಹಾಗೆ ಕೇಳುತ್ತಿದ್ದಳು. "ಹಂಗಾರೆ ನೀನ್ ಮಾಡುದ್ದನ್ನ ದೇವ್ರು ಹೊಟ್ಟೆಗಾಕೊತಾನೆ, ನಾನ್ ಮಾಡುದ್ದಕ್ಕೆ ಮಾತ್ರ ಮಗೀನ್ ಪ್ರಾಣ ತಕ್ಕೋತಾನೆ ಅಂತ ನಿಂಗೂ ಅನ್ನುಸ್ತು. ಅವ್ವನ್ ತರ, ನನ್ ಗಂಡನ್ ತರ. ಅಲ್ವಾ?"

ತಿರುವಿನಲ್ಲಿ ಬಸ್ಸು ಕಾಣಿಸಿತು. ಇಲ್ಲ ಎನ್ನಬೇಕು. ಇಲ್ಲ ಎಂದರೆ ಇವಳು ಬೈಕು ಹತ್ತಿದರೂ ಹತ್ತಬಹುದು. ಅವನು ಆ ಇಲ್ಲವನ್ನು ತನ್ನೊಳಗೆ ಹುಡುಕಿದ, ಜೇಬು ತಡಕಿದ ಹಾಗೆ, ಇರಲೇಬೇಕು ಎಂದು ಹುಡುಕಿದ. ಓದಿದ್ದ, ಪಾಠ ಹೇಳಿದ್ದ, ಪ್ರತಿ ಮಾರ್ಚಿ ಎಂಟಕ್ಕೆ ಮೈಕಿನಲ್ಲಿ ಮಹಿಳಾ ದಿನದ ಭಾಷಣ ಮಾಡಿದ್ದ. ಇರಲಿಲ್ಲ. ಬಸ್ಸು ಬಂದು ನಿಂತು ಬಾಗಿಲು ತೆರೆದುಕೊಂಡಿತು. ಹೇಮಾ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು, ಕಂಬಿ ಹಿಡಿದು, ಅವನ ಬಾಯನ್ನೇ ನೋಡುತ್ತಿದ್ದಳು.

"ಹೂಂ," ಎಂದ.

ಅವಳು ಹತ್ತಿದಳು.